ನೀರು ಇಳಿದ ದಾರಿಯಲ್ಲಿ: ಅಂಬೋಸೆಲಿಯಿಂದ ಡಿಯಾನಿ ಕಡಲವರೆಗೆ

ಮಕ್ಕಳ ಬೇಸಿಗೆ ರಜೆಗೆ ಕೀನ್ಯಾ ಬೇಡ. ನಮ್ಮಲ್ಲಿ ಶಾಲೆಗೆ ಬೀಗ ಬೀಳುವ ಏಪ್ರಿಲ್-ಮೇ ತಿಂಗಳೇ ಅಲ್ಲಿ ದೊಡ್ಡ ಮಳೆಯ ಕಾಲ. ಕರಿಮಣ್ಣಿನ ಜಾಡಿನಲ್ಲಿ ಗಾಡಿ ಹೂತುಕೊಳ್ಳುತ್ತದೆ. ಹುಲ್ಲು ಎತ್ತರಕ್ಕೆ ಬೆಳೆದು ಪ್ರಾಣಿಗಳನ್ನು ಮರೆಮಾಡುತ್ತದೆ. ಎಲ್ಲೆಂದರಲ್ಲಿ ನೀರು ನಿಂತಿರುವುದರಿಂದ ಅವು ಒಂದು ಕಡೆ ಸೇರುವುದೂ ಇಲ್ಲ. ಕರಾವಳಿಯಲ್ಲಿ ಮೇ ಇನ್ನೂ ಕಷ್ಟ: ಸಮುದ್ರ ಕದಡಿರುತ್ತದೆ, ಕೆಲವು ಹೋಟೆಲುಗಳು ರಿಪೇರಿಗೆಂದು ಬಾಗಿಲು ಹಾಕಿರುತ್ತವೆ. ಅಗ್ಗದ ಪ್ಯಾಕೇಜುಗಳು ಆ ಎರಡು ತಿಂಗಳಲ್ಲೇ ಹೆಚ್ಚಾಗಿ ಸಿಗುವುದು ಇದರಿಂದಲೇ.

ಕರ್ನಾಟಕದ ಕುಟುಂಬಕ್ಕೆ ಹೇಳಿ ಮಾಡಿಸಿದ ಕಾಲವೆಂದರೆ ದಸರೆ ರಜೆ. ಜೂನ್‌ನಿಂದ ಒಣಗುತ್ತ ಬಂದ ನೆಲ ಅಕ್ಟೋಬರ್ ಹೊತ್ತಿಗೆ ಬರಡಾಗಿರುತ್ತದೆ. ಆನೆ, ಕಾಡೆಮ್ಮೆ, ಜೀಬ್ರಾಗಳೆಲ್ಲ ಉಳಿದಿರುವ ನೀರಿನ ಸುತ್ತ ನೆರೆಯುತ್ತವೆ. ಏಪ್ರಿಲ್-ಮೇನಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಇಳಿದು ಬರುವುದಕ್ಕೆ ಏನು ಕಾರಣವೋ ಇದಕ್ಕೂ ಅದೇ ಕಾರಣ. ನವೆಂಬರಿನ ಸಣ್ಣ ಮಳೆ ಸಾಮಾನ್ಯವಾಗಿ ಇನ್ನೂ ಹಿಡಿದಿರುವುದಿಲ್ಲ. ಕ್ರಿಸ್‌ಮಸ್ ರಜೆಯೂ ಆದೀತು, ಆದರೆ ಆಗ ಯುರೋಪಿನವರು ಚಳಿ ತಪ್ಪಿಸಿಕೊಂಡು ಅಲ್ಲಿಗೇ ಬರುತ್ತಾರೆ, ಕೋಣೆಗಳ ಬೆಲೆ ಏರಿರುತ್ತದೆ.

ಇನ್ನು ಮಸಾಯಿ ಮಾರಾ ವನ್ಯಧಾಮದ ಮಾತು. ಕೀನ್ಯಾ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಅದೇ, ಬರಬೇಕಾದದ್ದೇ. ಆದರೆ ಒಮ್ಮೆ ಭೂಪಟ ಬಿಡಿಸಿ ನೋಡಿ. ಮಾರಾ ಇರುವುದು ನೈರೋಬಿಯ ಪಶ್ಚಿಮಕ್ಕೆ, ರಸ್ತೆಯಲ್ಲಿ ಐದಾರು ಗಂಟೆ ದೂರ. ಕಡಲು ಇರುವುದು ಆಗ್ನೇಯಕ್ಕೆ. ಹತ್ತು ದಿನದ ಪ್ರವಾಸದಲ್ಲಿ ಮಾರಾಕ್ಕೆ ಹೋಗಿ, ಬಂದ ದಾರಿಯಲ್ಲೇ ನೈರೋಬಿಗೆ ಮರಳಿ, ಮತ್ತೆ ಕರಾವಳಿಗೆ ಹೊರಟರೆ ಅಜ್ಜ-ಅಜ್ಜಿಯ ಸೊಂಟ ಮತ್ತು ಮಕ್ಕಳ ತಾಳ್ಮೆ ಎರಡೂ ಮುಗಿದಿರುತ್ತವೆ. ಸಣ್ಣ ವಿಮಾನದಲ್ಲಿ ಮಾರಾದಿಂದ ನೇರ ಕಡಲ ಬದಿಗೆ ಹಾರಬಹುದು. ಆಗ ತಲೆಗೆ 15 ಕಿಲೋ ಲಗೇಜು ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಜೊತೆಗೆ ಜುಲೈಯಿಂದ ಡಿಸೆಂಬರ್‌ವರೆಗೆ ಮಾರಾದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ 200 ಡಾಲರ್ (2024ರಲ್ಲಿ ಜಾರಿಗೆ ಬಂದ ದರ), ವರ್ಷದ ಉಳಿದ ಅರ್ಧದಲ್ಲಿ 100. ಮಾರಾವನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ.

ಕಾಡು ಮತ್ತು ಕಡಲು ಎರಡನ್ನೂ ಒಂದೇ ದಾರಿಯಲ್ಲಿ ಕೂಡಿಸಬೇಕೆಂದರೆ ನೈರೋಬಿಯಿಂದ ಅಂಬೋಸೆಲಿ, ಅಲ್ಲಿಂದ ಪಶ್ಚಿಮ ತ್ಸಾವೊ, ಪೂರ್ವ ತ್ಸಾವೊ (ಮೂರೂ ರಾಷ್ಟ್ರೀಯ ಉದ್ಯಾನಗಳು), ಕೊನೆಗೆ ಮೊಂಬಾಸಾದ ದಕ್ಷಿಣದ ಕಡಲೂರು ಡಿಯಾನಿ. ಈ ದಾರಿಯಲ್ಲಿ ಎಲ್ಲಿಯೂ ಹಿಂದೆ ತಿರುಗಬೇಕಾಗಿಲ್ಲ. ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಅಂಬೋಸೆಲಿ 1,150ರ ಆಸುಪಾಸು, ಅಲ್ಲಿಂದ ಮುಂದೆ ಇಳಿಜಾರೇ. ನೀರು ಇಳಿಯುವುದೂ ಇದೇ ದಿಕ್ಕಿಗೆ. ಕಿಲಿಮಂಜಾರೊ ಮೇಲೆ ಬಿದ್ದ ಮಳೆ ಮತ್ತು ಹಿಮದ ನೀರು ನೆಲದೊಳಗೆ ಇಂಗಿ ಅಂಬೋಸೆಲಿಯಲ್ಲಿ ಜೌಗಾಗಿ ಮೇಲೇಳುತ್ತದೆ. ಚ್ಯುಲು ಬೆಟ್ಟಗಳ ಮಳೆ ತ್ಸಾವೊದಲ್ಲಿ ಬುಗ್ಗೆಯಾಗಿ ಚಿಮ್ಮಿ, ಕೊಳವೆ ಸೇರಿ ಮೊಂಬಾಸಾದ ನಲ್ಲಿಗಳಿಗೆ ಹೋಗುತ್ತದೆ. ಮಕ್ಕಳಿಗೆ ಇಡೀ ಪ್ರವಾಸವನ್ನು ಈ ನೀರಿನ ಕಥೆಯಾಗಿ ಹೇಳಿ. "ಸಿಂಹ ಎಲ್ಲಿ, ಸಿಂಹ ಎಲ್ಲಿ" ಎಂಬ ಚಡಪಡಿಕೆ ಅರ್ಧ ಕಡಿಮೆಯಾಗುತ್ತದೆ.

ರಾತ್ರಿಗಳ ಹಂಚಿಕೆ ಹೀಗಿದ್ದರೆ ಚೆನ್ನ: ನೈರೋಬಿ ಒಂದು, ಅಂಬೋಸೆಲಿ ಎರಡು, ಪಶ್ಚಿಮ ತ್ಸಾವೊ ಎರಡು, ಪೂರ್ವ ತ್ಸಾವೊ ಒಂದು, ಡಿಯಾನಿ ನಾಲ್ಕು. ಕಡಿತ ಮಾಡಲೇಬೇಕಾದರೆ ಪೂರ್ವ ತ್ಸಾವೊ ಬಿಡಿ. ಅಂಬೋಸೆಲಿಯ ಎರಡನೆಯ ರಾತ್ರಿಗೆ ಕೈಹಚ್ಚಬೇಡಿ. ಕಡಲನ್ನು ಮೊದಲಿಗಿಟ್ಟು ಕಾಡನ್ನು ಕೊನೆಗಿಡುವ ಯೋಚನೆಯೂ ಬೇಡ. ಸಫಾರಿ ಎಂದರೆ ಬೆಳಗ್ಗೆ ಐದೂವರೆಗೆ ಏಳುವುದು, ದಿನವಿಡೀ ಧೂಳು, ಗಾಡಿಯ ಕುಲುಕಾಟ. ಅದಾದ ಮೇಲೆ ಸಿಕ್ಕಿದರೇ ನೀರಿಗೆ ಬೆಲೆ.

ಹೊರಡುವ ಮುಂಚಿನ ಕೆಲಸಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ಹಳದಿ ಜ್ವರದ ಲಸಿಕೆ. ಭಾರತ ಸರ್ಕಾರದ ಪಟ್ಟಿಯಲ್ಲಿ ಕೀನ್ಯಾ ಹಳದಿ ಜ್ವರದ ದೇಶ. ಪ್ರಮಾಣಪತ್ರ ಇಲ್ಲದೆ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಪ್ರಮಾಣಪತ್ರ ಜಾರಿಗೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ; ಆಮೇಲೆ ಜೀವಮಾನಪೂರ್ತಿ ಸಾಕು. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ, ಅದೂ ಗೊತ್ತುಪಡಿಸಿದ ದಿನಗಳಲ್ಲಿ. ಹಾಗಾಗಿ ಒಂದೂವರೆ ತಿಂಗಳು ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಿಕೆಯಲ್ಲಿ ಬರೆದ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಅಕ್ಷರ ತಪ್ಪದೆ ಹೊಂದಬೇಕು. ಅಲ್ಲೇ ಕುರ್ಚಿಯಲ್ಲಿ ಕೂತು ಪರೀಕ್ಷಿಸಿ, ಮನೆಗೆ ಬಂದ ಮೇಲಲ್ಲ. ಒಂಬತ್ತು ತಿಂಗಳೊಳಗಿನ ಕೂಸು, ಗರ್ಭಿಣಿ, ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಅರವತ್ತು ದಾಟಿದ ಹಿರಿಯರು ವೈದ್ಯರೊಡನೆ ಮಾತನಾಡಿದ ಮೇಲೆಯೇ ತೀರ್ಮಾನಿಸಬೇಕು. ಅಜ್ಜ-ಅಜ್ಜಿಯನ್ನು ಕರೆದೊಯ್ಯುವ ಯೋಚನೆ ಇದ್ದರೆ ವಿಮಾನದ ಟಿಕೆಟ್‌ಗಿಂತ ಮೊದಲು ಈ ಮಾತು ಆಗಲಿ.

ಮಲೇರಿಯಾದ ವಿಷಯವನ್ನೂ ಅದೇ ಭೇಟಿಯಲ್ಲಿ ಕೇಳಿ. ನೈರೋಬಿಯ ಎತ್ತರದಲ್ಲಿ ಭಯ ಕಡಿಮೆ, ತ್ಸಾವೊ ಮತ್ತು ಕರಾವಳಿಯಲ್ಲಿ ಹೆಚ್ಚು, ಮತ್ತು ಅಲ್ಲಿಯದು ಬಹುಪಾಲು ಫಾಲ್ಸಿಪ್ಯಾರಮ್, ಅಂದರೆ ಜೀವಕ್ಕೆ ಎರವಾಗಬಲ್ಲ ಬಗೆ. ಅಟೊವಕ್ವೋನ್-ಪ್ರೊಗ್ವಾನಿಲ್ ಮಾತ್ರೆಯನ್ನು ಮಲೇರಿಯಾ ಪ್ರದೇಶಕ್ಕೆ ಕಾಲಿಡುವ ಒಂದೆರಡು ದಿನ ಮುಂಚೆ ಶುರುಮಾಡಿ, ಅಲ್ಲಿಂದ ಹೊರಟ ಮೇಲೂ ಏಳು ದಿನ ನುಂಗಬೇಕು; ಮಕ್ಕಳ ಪ್ರಮಾಣ ತೂಕದ ಮೇಲೆ. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಎಂಟು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಬಂದ ಮೇಲೆ ನಾಲ್ಕು ವಾರ ಮುಂದುವರಿಸಬೇಕು.

ವೀಸಾದ ಜಾಗದಲ್ಲಿ 2024ರ ಜನವರಿಯಿಂದ ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಮಡಿಲ ಮಗುವಿಗೂ ಪ್ರತ್ಯೇಕ ಅರ್ಜಿ. ಹೋಟೆಲ್ ಬುಕಿಂಗ್ ಮತ್ತು ವಿಮಾನದ ವಿವರ ಕೇಳುತ್ತದೆ.

ಪ್ಯಾಕಿಂಗ್‌ನಲ್ಲಿ ನಮ್ಮವರು ಎಡವುವುದು ಪ್ಲಾಸ್ಟಿಕ್ ಕವರಿನಲ್ಲಿ. ಕೀನ್ಯಾ 2017ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು; 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನ ಮತ್ತು ಕಡಲತೀರಗಳಲ್ಲಿ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ಲೋಟ, ಸ್ಟ್ರಾ ಕೂಡ ಇಲ್ಲ. ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ ಎಲ್ಲ ಸ್ಟೀಲ್ ಡಬ್ಬಿಗೆ ಅಥವಾ ಬಟ್ಟೆ ಚೀಲಕ್ಕೆ ಹೋಗಲಿ. ತಲೆಗೊಂದು ಲೀಟರಿನ ಸ್ಟೀಲ್ ಬಾಟಲಿ ಇರಲಿ. ಅಲ್ಲಿಯ ಸಾಕೆಟ್ ಇಂಗ್ಲೆಂಡಿನ ಚಪ್ಪಟೆ ಮೂರು ಕಡ್ಡಿಯದು, ನಮ್ಮ ಪ್ಲಗ್ ಕೂರುವುದಿಲ್ಲ. ಎರಡು ಅಡಾಪ್ಟರ್ ಸಾಕು. ಕ್ಯಾಂಪುಗಳಲ್ಲಿ ಕರೆಂಟು ಹೆಚ್ಚಾಗಿ ಬೆಳಗ್ಗೆ-ಸಂಜೆ ಮಾತ್ರ. ಕಡು ನೀಲಿ ಮತ್ತು ಕಪ್ಪು ಬಟ್ಟೆ ಮನೆಯಲ್ಲೇ ಇರಲಿ: ತ್ಸಾವೊದ ಪೊದೆಗಾಡಿನಲ್ಲಿರುವ ತ್ಸೆತ್ಸೆ ನೊಣವನ್ನು ಆ ಎರಡು ಬಣ್ಣ ಸೆಳೆಯುತ್ತವೆ. ಅದು ತೆಳು ಬಟ್ಟೆಯ ಮೇಲಿಂದಲೂ ಕಚ್ಚುತ್ತದೆ, ಸೊಳ್ಳೆಯ ಮುಲಾಮಿಗೆ ಅಷ್ಟಾಗಿ ಜಗ್ಗುವುದಿಲ್ಲ.

ಗಾಡಿಯ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಛಾವಣಿ ಮೇಲೇಳುವ ವ್ಯಾನು ಅಗ್ಗ, ಅಂಬೋಸೆಲಿಗೆ ಅದು ಸಾಲುತ್ತದೆ ಕೂಡ. ಆದರೆ ಅಂಬೋಸೆಲಿಯಿಂದ ಪಶ್ಚಿಮ ತ್ಸಾವೊಗೆ ಹೋಗುವ ದಾರಿ ಜ್ವಾಲಾಮುಖಿಯ ಚೂಪುಕಲ್ಲಿನದು. ಟೈರು ಹರಿಯುವುದು ಅಲ್ಲಿ ದಿನನಿತ್ಯದ ಮಾತು. ಫೋರ್ ವೀಲ್ ಲ್ಯಾಂಡ್ ಕ್ರೂಸರ್, ಎರಡು ಸ್ಟೆಪ್ನಿ, ಪ್ರತಿಯೊಬ್ಬರಿಗೂ ಕಿಟಕಿ: ಈ ಮೂರನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಕಬಿನಿಯಲ್ಲಿ ಜೀಪು ಗೊತ್ತಾದ ಹೊತ್ತಿಗೆ ಬಂದು ಹೋಗುತ್ತದೆ. ಇಲ್ಲಿ ಒಬ್ಬನೇ ಚಾಲಕ-ಗೈಡ್ ಮೊದಲ ದಿನದಿಂದ ಕೊನೆಯವರೆಗೆ ನಿಮ್ಮ ಜೊತೆಗಿರುತ್ತಾನೆ, ಆದ್ದರಿಂದ ಮೊದಲ ಸಂಜೆಯೇ ಅವನೊಡನೆ ಕೂತು ಮನೆಯವರ ಅಭ್ಯಾಸ ತಿಳಿಸಿ: ಯಾರಿಗೆ ಗಾಡಿ ಓಡುವಾಗ ವಾಂತಿ, ಯಾರಿಗೆ ಪದೇ ಪದೇ ಶೌಚಕ್ಕೆ ನಿಲ್ಲಬೇಕು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. 'ಸಾ ಮೋಜಾ', ಅಂದರೆ ಒಂದು ಗಂಟೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಏಳು. ಹೊರಡುವ ಹೊತ್ತನ್ನು ಗಡಿಯಾರ ತೋರಿಸಿಯೇ ಖಚಿತ ಮಾಡಿಕೊಳ್ಳಿ. ಗೈಡ್‌ಗೆ ಕೊಡುವ ಭಕ್ಷೀಸು ಇಡೀ ಕುಟುಂಬದಿಂದ ದಿನಕ್ಕೆ 10ರಿಂದ 20 ಡಾಲರ್ ವಾಡಿಕೆ, ಕೊನೆಯ ದಿನ ಒಟ್ಟಿಗೆ.

ನೈರೋಬಿಯಿಂದ ಮೊಂಬಾಸಾ ಹೆದ್ದಾರಿ ಹಿಡಿದು ಎಮಾಲಿಯಲ್ಲಿ ಬಲಕ್ಕೆ ತಿರುಗಿದರೆ ನಾಲ್ಕೈದು ಗಂಟೆಯಲ್ಲಿ ಅಂಬೋಸೆಲಿಯ ಕಿಮಾನಾ ಗೇಟು. ಉದ್ಯಾನದ ಟಿಕೆಟ್‌ಗೆ 24 ಗಂಟೆಯ ಆಯಸ್ಸು, ಒಂದೇ ಪ್ರವೇಶ, ಹಣ ಕಟ್ಟುವುದು ಆನ್‌ಲೈನ್‌ನಲ್ಲಿ. ಗೇಟಿನಲ್ಲಿ ನೋಟು ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಹೋದವರು ಮೂರನೆಯ ದಿನ ಹನ್ನೆರಡರೊಳಗೆ ಹೊರಬಿದ್ದರೆ ಎರಡು ಟಿಕೆಟ್. ಊಟ ಮುಗಿಸಿ ಒಂದೂವರೆಗೆ ಹೊರಟರೆ ಮೂರನೆಯದು, ಅದೂ ಮನೆಮಂದಿಗೆಲ್ಲ. ಗೇಟಿನ ಹೊರಗಿನ ಹೋಟೆಲುಗಳು ಕಡಿಮೆ ಬೆಲೆಗೆ ಸಿಗುತ್ತವೆ ನಿಜ, ಆದರೆ ರಾತ್ರಿ ಹೊರಬಂದು ಬೆಳಗ್ಗೆ ಮತ್ತೆ ಒಳಹೋಗುವ ಲೆಕ್ಕ ಹಾಕಿದರೆ ಉಳಿತಾಯ ಕರಗುತ್ತದೆ.

ಅಂಬೋಸೆಲಿ ದೊಡ್ಡ ಉದ್ಯಾನವಲ್ಲ, 392 ಚದರ ಕಿಲೋಮೀಟರ್. ಮಸಾಯಿ ಮಾತಿನ ಈ ಹೆಸರಿಗೆ ಉಪ್ಪುಧೂಳು ಎಂಬ ಅರ್ಥ ಹೇಳುತ್ತಾರೆ, ಅಕ್ಟೋಬರಿನಲ್ಲಿ ಆ ಹೆಸರು ಮೂಗಿಗೂ ಗೊತ್ತಾಗುತ್ತದೆ. ಉಬ್ಬಸ ಇರುವವರ ಇನ್ಹೇಲರ್ ಗಾಡಿಯಲ್ಲೇ ಇರಲಿ, ಮಾಸ್ಕ್ ಎಲ್ಲರಿಗೂ. ಕ್ಯಾಮೆರಾ ಲೆನ್ಸ್ ಬದಲಿಸುವ ಕೆಲಸ ಕೋಣೆಯೊಳಗೆ ಮಾತ್ರ. ಕಿಲಿಮಂಜಾರೊ (5,895 ಮೀಟರ್) ನಿಂತಿರುವುದು ಗಡಿಯಾಚೆ ತಾಂಜಾನಿಯಾದಲ್ಲಿ, ಆದರೆ ಅದರ ಪೂರ್ತಿ ಮೈ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಸೂರ್ಯ ಮೇಲೇರಿದಂತೆ ಮೋಡ ಮುಸುಕುತ್ತದೆ. ಬೆಳಗಿನ ಆರೂವರೆಯಿಂದ ಎಂಟು, ಇಲ್ಲವೇ ಸಂಜೆ ಐದೂವರೆಯ ಮೇಲೆ ಕಾಯಬೇಕು. ಒಂದೇ ರಾತ್ರಿ ಉಳಿದವರಿಗೆ ಸಿಗುವುದು ಒಂದೇ ಮುಂಜಾವು. ಎರಡು ರಾತ್ರಿ ಎಂದು ಪಟ್ಟು ಹಿಡಿಯುವುದು ಇದಕ್ಕೇ.

ಇಲ್ಲಿ ಸಿಂಹದ ಹಿಂದೆ ಬೀಳಬೇಡಿ. ಇದು ಆನೆಗಳ ಊರು. 1972ರಿಂದ ಆನೆ ಸಂಶೋಧಕಿ ಸಿಂಥಿಯಾ ಮಾಸ್ ಮತ್ತು ಸಂಗಡಿಗರು ಇಲ್ಲಿಯ ಒಂದೊಂದು ಆನೆಯನ್ನೂ ಗುರುತಿಟ್ಟು, ಹೆಸರಿಟ್ಟು, ತಾಯಿ-ಮಗಳು-ಮೊಮ್ಮಗಳ ಸಂಬಂಧಗಳನ್ನು ಬರೆದಿಡುತ್ತ ಬಂದಿದ್ದಾರೆ. ರಾತ್ರಿ ಒಣಭೂಮಿಯಲ್ಲಿ ಕಳೆದ ಕುಟುಂಬಗಳು ಬೆಳಗ್ಗೆ ಸಾಲುಗಟ್ಟಿ ಎಂಕೊಂಗೊ ನರೋಕ್ ಮತ್ತು ಲೊಂಗಿನ್ಯೆ ಜೌಗುಗಳಿಗೆ ಬರುತ್ತವೆ, ಸಂಜೆ ಅದೇ ಸಾಲಿನಲ್ಲಿ ಮರಳುತ್ತವೆ. ಗಾಡಿಯನ್ನು ಆ ದಾರಿಯ ಬದಿಗೆ ತಂದು, ಎಂಜಿನ್ ಆರಿಸಿ, ಮುಕ್ಕಾಲು ಗಂಟೆ ಸುಮ್ಮನೆ ಕೂರಲು ಗೈಡ್‌ಗೆ ಹೇಳಿ. ರೇಡಿಯೊದಲ್ಲಿ ಯಾರೋ ಚೀತಾ ಎಂದರೆಂದು ಓಡುವುದಕ್ಕಿಂತ ಇದು ಎಷ್ಟೋ ಪಾಲು ಮೇಲು. ದಸರೆಯ ಜಂಬೂಸವಾರಿ ನೋಡಿ ಬೆಳೆದ ಮಕ್ಕಳಿಗೆ ಇಲ್ಲಿ ಹೋಲಿಸಿ ನೋಡಲು ಬೇಕಾದಷ್ಟಿದೆ. ನಮ್ಮ ಆನೆಗಳಲ್ಲಿ ದಂತ ಗಂಡಿಗೆ ಮಾತ್ರ, ಇಲ್ಲಿ ಹೆಣ್ಣಿಗೂ ಉಂಟು. ನಮ್ಮದರ ಬೆನ್ನು ಉಬ್ಬಿದೆ, ಇವುಗಳದು ನಡುವೆ ತಗ್ಗು. ಸೊಂಡಿಲ ತುದಿಯಲ್ಲಿ ನಮ್ಮದಕ್ಕೆ ಒಂದು ಬೆರಳು, ಇವಕ್ಕೆ ಎರಡು. ಬೈನಾಕ್ಯುಲರ್ 8x42 ಇದ್ದರೆ ಈ ಬೆರಳುಗಳು ಹುಲ್ಲು ಕೀಳುವುದನ್ನೂ ನೋಡಬಹುದು.

ಅಲ್ಲಿಂದ ಪಶ್ಚಿಮ ತ್ಸಾವೊಗೆ ಎರಡು-ಮೂರು ಗಂಟೆ. ದಾರಿಯಲ್ಲಿ ಶೆತಾನಿ ಲಾವಾ: ಕೆಲವು ಶತಮಾನಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಹೊಳೆ. ಮಧ್ಯಾಹ್ನ ಕಾದ ಹೆಂಚಿನಂತಿರುತ್ತದೆ, ಚಪ್ಪಲಿಯಲ್ಲಿ ಇಳಿಯಬೇಡಿ, ಶೂ ಇರಲಿ. ಆದರೆ ಪಶ್ಚಿಮ ತ್ಸಾವೊಗೆ ಬರುವುದೇ ಮ್ಜಿಮಾ ಬುಗ್ಗೆಗಳಿಗಾಗಿ. ಚ್ಯುಲು ಬೆಟ್ಟಗಳ ಮೇಲೆ ಬಿದ್ದ ಮಳೆ ಮೇಲೆ ಹರಿಯುವುದಿಲ್ಲ. ತೂತುತೂತಾದ ಲಾವಾ ಅದನ್ನು ಹೀರಿ, ಸೋಸಿ, ನೆಲದಡಿಯಲ್ಲೇ ಹತ್ತಾರು ಕಿಲೋಮೀಟರ್ ಸಾಗಿಸಿ ಇಲ್ಲಿ ಹೊರಬಿಡುತ್ತದೆ. ದಿನಕ್ಕೆ ಸುಮಾರು 22 ಕೋಟಿ ಲೀಟರ್, ತಳದ ಕಲ್ಲು ಕಾಣುವಷ್ಟು ತಿಳಿ. ರೇಂಜರ್ ಜೊತೆ ಇಳಿದು ನಡೆಯಬಹುದಾದ ಅಪರೂಪದ ಜಾಗ ಇದು. ನೀರೊಳಗೆ ಮುಳುಗಿಸಿದ ಗಾಜಿನ ಕಿಟಕಿಯ ಕೋಣೆಯೊಂದಿದೆ; ಮೀನಿನ ಹಿಂಡು ಖಂಡಿತ ಕಾಣುತ್ತದೆ, ನೀರಾನೆಯ ಕಾಲು ಕಂಡರೆ ಅದೃಷ್ಟ. ನೀರಾನೆ ರಾತ್ರಿ ದಡದಲ್ಲಿ ಹುಲ್ಲು ಮೇಯ್ದು, ಹಗಲು ನೀರಲ್ಲಿ ಲದ್ದಿ ಹಾಕುತ್ತದೆ. ಲದ್ದಿಯ ಮೇಲೆ ಹುಳ-ಮೀನು, ಮೀನಿನ ಮೇಲೆ ನೀರುಕಾಗೆ ಮತ್ತು ಮೊಸಳೆ. ಇಷ್ಟನ್ನು ದಡದಲ್ಲಿ ನಿಂತೇ ಮಕ್ಕಳಿಗೆ ತೋರಿಸಬಹುದು. ಎರಡು ಗಂಟೆ ಇಲ್ಲಿಗೇ ಮೀಸಲಿಡಿ. ಕೈಯಲ್ಲಿ ತಿಂಡಿ ಬೇಡ, ಮಂಗಗಳಿವೆ.

ಎರಡು ತ್ಸಾವೊಗಳ ನಡುವೆ ಹೆದ್ದಾರಿ ಮತ್ತು ರೈಲು ಹಾದುಹೋಗುತ್ತವೆ. 1896ರಲ್ಲಿ ಮೊಂಬಾಸಾದಲ್ಲಿ ಶುರುವಾಗಿ 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿದ ಹಳೆಯ ರೈಲುಮಾರ್ಗಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆತಂದಿದ್ದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಅಲ್ಲೇ ಸತ್ತರು. 1898ರಲ್ಲಿ ತ್ಸಾವೊ ನದಿಯ ಸೇತುವೆ ಕಟ್ಟುವಾಗ ಎರಡು ಸಿಂಹಗಳು ಕೂಲಿಗಳನ್ನು ಗುಡಾರದಿಂದ ಎಳೆದೊಯ್ದದ್ದು ಎಲ್ಲರೂ ಹೇಳುವ ಕಥೆ. ರೋಗ ಮತ್ತು ದುಡಿತದಿಂದ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೇತುವೆ ದಾಟುವಾಗ ಗಾಡಿ ನಿಧಾನ ಮಾಡಿಸಿ, ಮಕ್ಕಳಿಗೆ ಆ ಮಾತೂ ಹೇಳಿ.

ಪೂರ್ವ ತ್ಸಾವೊದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡ ಕೆಂಪಾನೆಗಳಿವೆ. ಅರುಬಾ ಕಟ್ಟೆಯ ಬಳಿ ಒಂದು ಸಂಜೆ ಕಳೆದು ಮರುದಿನ ಕಡಲಿಗೆ ಹೊರಡಿ. ಉದ್ಯಾನದ ಬದಿಯ ವೋಯ್ ಪಟ್ಟಣದಿಂದ ಮೊಂಬಾಸಾಗೆ ಸುಮಾರು 150 ಕಿಲೋಮೀಟರ್, ಲಾರಿಗಳ ಸಾಲು ಉದ್ದಕ್ಕೂ. ಡಿಯಾನಿಗೆ ಹೋಗಲು ಹಿಂದೆ ಲಿಕೋನಿಯಲ್ಲಿ ದೋಣಿ ಹತ್ತಲು ಗಂಟೆಗಟ್ಟಲೆ ಕಾಯಬೇಕಿತ್ತು. ಈಗ ಡೊಂಗೊ ಕುಂಡು ಬೈಪಾಸ್ ಇದೆ, ಅದನ್ನೇ ಹಿಡಿಯಲು ಚಾಲಕನಿಗೆ ಹೇಳಿ.

ಡಿಯಾನಿಯ ಗಾಳಿಗೆ ಎರಡು ಹೆಸರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಜಿ, ಏಪ್ರಿಲಿನಿಂದ ದಕ್ಷಿಣದ ಕಡೆಯಿಂದ ಬೀಸುವುದು ಕುಸಿ. ಈ ಕುಸಿಯೇ ಸಮಭಾಜಕ ದಾಟಿ, ತಿರುಗಿ, ನಮ್ಮ ಕರಾವಳಿಗೆ ಮುಂಗಾರಾಗಿ ಬರುವುದು. ಅರಬ್ಬಿ ಸಮುದ್ರದ ಹಾಯಿಹಡಗುಗಳು ಶತಮಾನಗಳ ಕಾಲ ಒಂದು ಗಾಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದವು. ಬಾಸೆಲ್ ಮಿಷನ್‌ನ ಹೆಂಚು ಕೂಡ ಪೂರ್ವ ಆಫ್ರಿಕಾ ಮುಟ್ಟಿತ್ತು, ಕೀನ್ಯಾದಲ್ಲಿ ಆ ಬಗೆಯ ಹೆಂಚಿಗೆ ಇಂದಿಗೂ ಮ್ಯಾಂಗಲೋರ್ ಟೈಲ್ಸ್ ಎಂದೇ ಹೆಸರು. ಅಕ್ಟೋಬರಿನಲ್ಲಿ ಕುಸಿ ತಣಿದು ಸಮುದ್ರ ತಿಳಿಯಾಗುತ್ತದೆ.

ಆದರೆ ಇಲ್ಲಿ ಗಾಳಿಗಿಂತ ಉಬ್ಬರ-ಇಳಿತ ಮುಖ್ಯ. ದಡದಿಂದ ಅರ್ಧ ಕಿಲೋಮೀಟರಿಗೂ ಆಚೆ ಹವಳದ ದಿಬ್ಬ ಉದ್ದಕ್ಕೂ ಹಬ್ಬಿದೆ, ದೊಡ್ಡ ಅಲೆಗಳು ಅಲ್ಲೇ ಒಡೆಯುತ್ತವೆ. ಅಮಾವಾಸ್ಯೆ-ಹುಣ್ಣಿಮೆಯ ಸುತ್ತ ನೀರಿನ ಏರಿಳಿತ ಮೂರು ಮೀಟರ್ ದಾಟುತ್ತದೆ. ವಿಜಯದಶಮಿಯ ಆಸುಪಾಸು ಬೆಂಗಳೂರು ಬಿಟ್ಟವರು ಕಡಲು ತಲುಪುವ ಹೊತ್ತಿಗೆ ಸೀಗೆ ಹುಣ್ಣಿಮೆ ಬಂದಿರುತ್ತದೆ, ಅಂದರೆ ದೊಡ್ಡ ಇಳಿತದ ದಿನಗಳೇ ನಿಮ್ಮ ಪಾಲಿಗೆ. ಆಗ ಬೆಳಗ್ಗೆ ಹತ್ತರ ಆಸುಪಾಸಿಗೆ ನೀರು ಹಿಂದೆ ಸರಿದು ಹವಳದ ಹೊಂಡಗಳು ತೆರೆದುಕೊಳ್ಳುತ್ತವೆ, ಈಜಲು ಬಂದವರು ಮೊಣಕಾಲು ನೀರಿನಲ್ಲಿ ನಿಲ್ಲಬೇಕಾಗುತ್ತದೆ. ಈಜು ಮಧ್ಯಾಹ್ನದ ಮೇಲೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹೋಟೆಲಿನ ಹಲಗೆ ನೋಡಿಕೊಳ್ಳಿ. ಹೊಂಡಗಳಿಗೆ ನಡೆಯುವಾಗ ರಬ್ಬರ್ ಅಡಿಯ ಶೂ ಕಡ್ಡಾಯ: ಕಪ್ಪು ಕಡಲಮುಳ್ಳು (ಗುಂಡಗೆ, ಸೂಜಿಗಳ ಚೆಂಡಿನಂತಹ ಜೀವಿ) ಕಾಲಿಗೆ ಚುಚ್ಚಿ ಒಳಗೇ ಮುರಿಯುತ್ತದೆ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ ಕಾಲಿಡಿ, ಅಗೆದು ತೆಗೆಯಲು ಹೋಗಬೇಡಿ. ಬದುಕಿರುವ ಹವಳದ ಮೇಲೆ ಕಾಲಿಡುವುದು, ಫೋಟೊಕ್ಕೆಂದು ನಕ್ಷತ್ರಮೀನು ಎತ್ತುವುದು, ಚಿಪ್ಪು ಆರಿಸಿ ತರುವುದು ಮೂರೂ ಬೇಡ. ನೀರು ಏರಲು ತೊಡಗಿದರೆ ಬೇಗ ಏರುತ್ತದೆ. ಮಕ್ಕಳೊಂದಿಗೆ ದಿಬ್ಬದ ಕಡೆ ಹೋದವರು ಇಳಿತದ ತುದಿಗೆ ಮುಂಚೆಯೇ ಮರಳಲು ತೊಡಗಬೇಕು.

ಒಂದು ದಿನ ಶಿಮೋನಿಯಿಂದ ದೋಣಿಯಲ್ಲಿ ಕಿಸಿಟೆ-ಮ್ಪುಂಗುಟಿ ಕಡಲ ಉದ್ಯಾನಕ್ಕೆ ಹೋಗಿ ಬನ್ನಿ. ಹೊರಡುವ ಮುಂಚೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕಣ್ಣಾರೆ ನೋಡಿ, ತೊಡಿಸಿ ಖಚಿತ ಮಾಡಿಕೊಳ್ಳಿ. ಸ್ನಾರ್ಕೆಲ್ ಮಾಡುವಾಗ ಮೈಮೇಲೆ ಟೀ-ಶರ್ಟ್ ಇರಲಿ, ಸುಡುವುದು ಬೆನ್ನೇ. ಡಿಯಾನಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಏಣಿಗಳು ಕಾಣುತ್ತವೆ. ಕಪ್ಪು-ಬಿಳುಪು ಕೊಲೊಬಸ್ ಮಂಗಗಳು ವಾಹನಕ್ಕೆ ಸಿಗದೆ ದಾಟಲೆಂದು ಕಟ್ಟಿದ ಸೇತುವೆಗಳವು.

ಊಟದ ಚಿಂತೆ ಬೇಡ, ಆದರೆ 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮೊಟ್ಟೆಯೋ ಮೀನೋ ಬಂದೀತು. ಬುಕಿಂಗ್‌ನಲ್ಲೇ ಮಾಂಸ, ಮೀನು, ಮೊಟ್ಟೆ ಬೇಡವೆಂದು ಒಂದೊಂದಾಗಿ ಬರೆಯಿರಿ. ಅಲ್ಲಿಯ ಚಪಾತಿ, ಚಾಯ್ ನಮ್ಮವೇ. ಉಗಾಲಿ ಎಂದರೆ ಮೆಕ್ಕೆಜೋಳದ ಬಿಳಿ ಮುದ್ದೆ. ಇನ್ನು ವಿಂಬಿ ಎಂದರೆ ಸಾಕ್ಷಾತ್ ರಾಗಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ಹೊಟ್ಟೆ ಕೆಟ್ಟ ಮಗುವಿಗೂ ಹಿರಿಯರಿಗೂ 'ಉಜಿ ವಾ ವಿಂಬಿ', ಅಂದರೆ ರಾಗಿ ಗಂಜಿ, ಕೇಳಿದರೆ ಬಹಳ ಕಡೆ ಮಾಡಿಕೊಡುತ್ತಾರೆ. ಕರಾವಳಿಯ ಬೆಳಗಿನ ತಿಂಡಿ ಮಹಮ್ರಿ ಮತ್ತು ಮ್ಬಾಜಿ: ಏಲಕ್ಕಿ ಹಾಕಿ ಕರಿದ ಉಬ್ಬು ರೊಟ್ಟಿ, ತೆಂಗಿನ ಹಾಲಿನಲ್ಲಿ ಬೆಂದ ತೊಗರಿಕಾಳು. ಎಳನೀರಿಗೆ ಮಡಾಫು ಎನ್ನಿ.

ಮರಳುವಾಗ ಮೊಂಬಾಸಾದ ಮಿರಿಟಿನಿಯಿಂದ ನೈರೋಬಿಗೆ 2017ರಲ್ಲಿ ಶುರುವಾದ ಹೊಸ ರೈಲು ಇದೆ, ಐದಾರು ಗಂಟೆ, ತ್ಸಾವೊದ ನಡುವೆಯೇ ಹಾಯುತ್ತದೆ. ಆನೆಗಳು ದಾಟಲು ಹಳಿಯ ಕೆಳಗೆ ಬಿಟ್ಟ ದಾರಿಗಳು ಕಿಟಕಿಯಿಂದ ಕಾಣುತ್ತವೆ. ಟಿಕೆಟ್‌ಗೆ ಹಣ ಕಟ್ಟುವುದು ಮುಖ್ಯವಾಗಿ ಎಂ-ಪೆಸಾ ಎಂಬ ಮೊಬೈಲ್ ವ್ಯವಸ್ಥೆಯಲ್ಲಿ, ಆದ್ದರಿಂದ ಪ್ರವಾಸ ಏರ್ಪಡಿಸಿದವರಿಂದಲೇ ಮುಂಗಡ ತೆಗೆಸಿ. ಲಗೇಜನ್ನು ಸಾಲಾಗಿ ಇಡಿಸಿ ನಾಯಿಗಳಿಂದ ಮೂಸಿಸುತ್ತಾರೆ. ಒಂದೂವರೆ ಗಂಟೆ ಮುಂಚೆ ಹೋಗಿ. ಅದೇ ದಿನ ರಾತ್ರಿಯ ವಿಮಾನಕ್ಕೆ ರೈಲನ್ನು ನೆಚ್ಚುವುದಾದರೆ ಬೆಳಗಿನದನ್ನೇ ಹಿಡಿಯಿರಿ.

ಹಳದಿ ಪುಸ್ತಿಕೆಗಳು ಕೈಚೀಲದಲ್ಲೇ ಇರಲಿ. ಮನೆಗೆ ಬಂದ ಮೇಲೆ ಮೂರು ತಿಂಗಳೊಳಗೆ ಯಾರಿಗಾದರೂ ಜ್ವರ ಬಂದರೆ, ಮಾತ್ರೆ ತಪ್ಪದೆ ನುಂಗಿದ್ದರೂ ಸರಿ, ಅದೇ ದಿನ ವೈದ್ಯರ ಬಳಿ ಹೋಗಿ "ಕೀನ್ಯಾಕ್ಕೆ ಹೋಗಿಬಂದಿದ್ದೇವೆ, ಮಲೇರಿಯಾ ಪರೀಕ್ಷೆ ಮಾಡಿ" ಎಂದು ನೀವಾಗಿಯೇ ಹೇಳಿ.